ಗೂಡಿನ ಲೆಕ್ಕ

ಶಿಡ್ಲಘಟ್ಟದಲ್ಲಿ ಗೂಡು ಅಂದರೆ
ಯಾರೂ ಕೋಳಿಯದು ಅಂದುಕೊಳ್ಳುವುದಿಲ್ಲ.
ಹಳದಿಯೋ ಬಿಳಿಯೋ, ಕೆಜಿಗೆಷ್ಟು ಹೋಯ್ತು ಅನ್ನುತ್ತಾರೆ.
ನನ್ನದು ಹಿತ್ತಲಿನ ಗೂಡು:
ಮುರಿದ ಚಂದ್ರಿಕೆಯ ಬಿದಿರು ಮೂರು ಕಡೆ, ಒಂದು ಕಡೆ ಮೆಷ್ಷು,
ಮೇಲೆ ಸಿಮೆಂಟ್ ಶೀಟು, ಶೀಟಿನ ಮೇಲೆ ಕಲ್ಲು.
ಒಳಗೆ ಏಳು ಜೀವ.
ನಾಲ್ಕಕ್ಕೆಂದು ಕಟ್ಟಿದ್ದು. ಅದೇ ಮೊದಲ ತಪ್ಪು,
ಆಮೇಲೆ ಗೊತ್ತಾಗಿದ್ದು.

ಚಿಂತಾಮಣಿ ಸಂತೆಯಿಂದ ತಂದ ಯಾಟೆಗೆ
ಒಂದು ವಾರದಲ್ಲಿ ಬೆನ್ನು ಬೋಳು.
ಬಾಲದ ಬುಡದಲ್ಲಿ ರೂಪಾಯಿ ಅಗಲ ಗಾಯ.
ಕೋಳಿಯ ಕಣ್ಣಿಗೆ ಕೆಂಪೆಲ್ಲ ಕಾಳೇ.

"ದೊಡ್ಡದರ ಕೆಲಸ, ಕೊಯ್ದುಬಿಡು" ಅಂದಳು ಪಕ್ಕದ ಮನೆ ಪಿಳ್ಳಕ್ಕ,
ಮಸಾಲೆ ತಾನೇ ಅರೆದುಕೊಡುವ ದನಿಯಲ್ಲಿ.
ದೊಡ್ಡದು ಅಂದರೆ ಗಿರಿರಾಜ. ಹೆಸರು ಹಾಗಿದ್ದರೂ ಹೆಂಗಸು,
ಹೆಜ್ಜೆ ಇಟ್ಟರೆ ತಟ್ಟೆ ಅಲುಗುತ್ತದೆ.
ಮಂಕರಿ ಕವುಚಿ, ಮೇಲೆ ಗುಂಡುಕಲ್ಲು ಇಟ್ಟು
ಮೂರು ದಿನ ಜೈಲು.
ಮೂರು ದಿನವೂ ಯಾಟೆಯ ಮೈಯಲ್ಲಿ ಹೊಸ ರಕ್ತ.
ಮಂಕರಿಯ ಕಿಂಡಿಯಿಂದ ಒಂದು ಕಣ್ಣು
ನನ್ನನ್ನೇ ನೋಡುತ್ತಿತ್ತು.

ನಾಲ್ಕನೇ ಬೆಳಗ್ಗೆ ಮಸೀದಿಯ ಮೊದಲ ಕೂಗಿಗೆ ಎದ್ದು
ಒಗೆಯುವ ಕಲ್ಲಿನ ಮೇಲೆ ಕೂತೆ, ಕೆಮ್ಮದೆ.
ಬೆಳಕು ಮೆಷ್ಷಿನಲ್ಲಿ ಜರಡಿಯಾಗುವ ಹೊತ್ತಿಗೆ
ಬಂದಳು ಚುಕ್ಕಿ.
ಕುಂಟಿ, ಮುದುಕಿ, ಯಾರ ತಂಟೆಗೂ ಹೋಗದವಳು,
ಹೋದ ಬೇಸಿಗೆಯಲ್ಲಿ ತಾನೇ ಬೋಳಾಗಿ
ನನ್ನ ಸೀರೆ ಚೂರು ಹೊದ್ದು ಬದುಕಿದವಳು.
ಅವಸರವಿಲ್ಲ, ಸಿಟ್ಟಿಲ್ಲ.
ಪೂಜೆಗೆ ಹೂ ಬಿಡಿಸುವ ಹಾಗೆ
ಒಂದು ಗರಿ ಎಳೆದಳು, ನುಂಗಿದಳು.
ಇನ್ನೊಂದು.
ಯಾಟೆ ತಲೆ ತಗ್ಗಿಸಿ ನಿಂತಿತ್ತು.
ನಿಲ್ಲಲು ಬೇರೆ ಜಾಗವೇ ಇರಲಿಲ್ಲ.

ಪಶು ಆಸ್ಪತ್ರೆಯ ಕಾಂಪೌಂಡರ್ ನೀಲಿ ಔಷಧಿ ಕೊಟ್ಟ.
"ಕೆಂಪು ಮುಚ್ಚಿ ಮೊದಲು. ಮೈಗೆ ಸಾಲದ್ದಕ್ಕೆ ಗರಿ ತಿಂತಾವೆ.
ಬರೀ ರಾಗಿ ಹಾಕಿದರೆ ಇನ್ನೇನು?
ನಿಮ್ಮೂರಲ್ಲಿ ಹುಳಕ್ಕೆ ಬರವೇನಮ್ಮಾ?"

ನಾಚಿಕೆಯಾಯಿತು.
ಹದಿನೆಂಟು ವರ್ಷ ಕುದಿನೀರಲ್ಲಿ ಬೆರಳಿಟ್ಟು
ನೂಲು ತೆಗೆದು, ಬೆಂದ ಹುಳವನ್ನು
ಪಕ್ಕಕ್ಕೆ ತಳ್ಳಿದ ಕೈ ಇದು.
ವಾಸನೆಗೆ ಸೆರಗು ಮೂಗಿಗಿಟ್ಟು ಮನೆಗೆ ಬಂದದ್ದೇ ಹೊರತು
ಒಂದು ಬೊಗಸೆ ತರಲಿಲ್ಲ.

ತಂದೆ. ಒಣಗಿಸಿ, ಕುಟ್ಟಿ, ತೌಡಿಗೆ ಬೆರೆಸಿದೆ.
ರೇಷ್ಮೆ ಸೊಪ್ಪಿನ ಕೊಂಬೆಯನ್ನು ಹುರಿಯಲ್ಲಿ ಕಟ್ಟಿ
ಎಟುಕಿಯೂ ಎಟುಕದ ಎತ್ತರಕ್ಕೆ ತೂಗುಹಾಕಿದೆ,
ಕೊಕ್ಕಿನ ಚಪಲಕ್ಕೊಂದು ಬೇರೆ ದಾರಿ.
ಮೆಷ್ಷು ಬಿಚ್ಚಿ ನುಗ್ಗೆಮರದವರೆಗೆ ಎಳೆದೆ.
ಮಂಕರಿ ಈಗ ಚುಕ್ಕಿಯ ಮೇಲೆ.
ಗಿರಿರಾಜಳಿಗೆ ಒಂದು ಹಿಡಿ ಹೆಚ್ಚು ಹಾಕಿದೆ,
ಕ್ಷಮೆ ಕೇಳಲು ಬೇರೆ ಭಾಷೆ ಬಾರದು.

ಫಿಲೇಚರಿಗೆ ಆ ವಾರ ಹೊಸ ಹುಡುಗಿ, ರುಕಿಯಾ.
ಎಳೆ ತುಂಡಾದಾಗಲೆಲ್ಲ ನಾನು ಬಾಯಿ ಮಾಡುತ್ತಿದ್ದೆ,
ನನಗೆ ಕಲಿಸಿದವಳು ಮಾಡಿದ ಹಾಗೆಯೇ, ಅದೇ ಮಾತು.
ಅವತ್ತು ಅರ್ಧಕ್ಕೆ ನಿಂತಿತು,
ಗಂಟಲಲ್ಲಿ ಗರಿ ಸಿಕ್ಕಿದಂತೆ.
ಕೈಗೆ ಹತ್ತಿದ ನೀಲಿ ನೋಡಿ ಅವಳೇ ಕೇಳಿದಳು. ಹೇಳಿದೆ.
"ನೀಲಿ ಕೋಳಿ ಮೊಟ್ಟೇನೂ ನೀಲಿ ಇರತ್ತಾ ಅಕ್ಕಾ?"
ನಕ್ಕು ನಕ್ಕು ಇಬ್ಬರ ಎಳೆಯೂ ತುಂಡು.

ತಿಂಗಳಾಯಿತು. ಯಾಟೆಯ ನೀಲಿ ಬೆನ್ನ ಮೇಲೆ
ಸೂಜಿ ಚುಚ್ಚಿಟ್ಟ ದಿಂಬಿನ ಹಾಗೆ ಮೊಳೆಗರಿ.
ಚುಕ್ಕಿಯನ್ನು ಕತ್ತಲಾದ ಮೇಲೆ ಬಿಟ್ಟೆ,
ಎಲ್ಲ ಕೋಲು ಹತ್ತಿ ಕೂತಾದ ಮೇಲೆ.
ತುದಿಯ ಜಾಗ ಸಿಕ್ಕಿತು.
ಬೆಳಗ್ಗೆ ಸೊಪ್ಪಿನ ಕಡೆ ಕುಂಟುತ್ತ ಹೋಗುವಾಗ
ದಾರಿಯಲ್ಲಿ ಯಾಟೆಗೊಂದು ಕುಕ್ಕು.
ಒಂದೇ.
ಯಾಟೆ ತಿರುಗಿ ಒಂದು ಕೊಟ್ಟಿತು.
ನಾನು ಚೊಂಬು ತೊಳೆಯುತ್ತಿದ್ದೆ.
ತೊಳೆಯುತ್ತಲೇ ಇದ್ದೆ.